ಪುಸ್ತಕದ ಅಂಚಿನಲ್ಲಿ ಬೆಳ್ಳಗೆ ಉಳಿದ ಪುಟಗಳು

ಈ ಪುಸ್ತಕವನ್ನು ಸ್ವಲ್ಪ ಎತ್ತಿ ಹಿಡಿಯುತ್ತೇನೆ. ಹಿಂದಿನ ಸಾಲಿನವರಿಗೆ ಕಾಣುತ್ತದೋ ಇಲ್ಲವೋ ಗೊತ್ತಿಲ್ಲ. ಇದು ಇಂಗ್ಲಿಷ್ ಲೇಖಕ ಟೋಲ್ಕೀನ್ ಬರೆದ ಫ್ಯಾಂಟಸಿ ಕಾದಂಬರಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. ಮೂರೂ ಭಾಗ ಒಟ್ಟಿಗಿರುವ ದಪ್ಪ ಪ್ರತಿ. ನನ್ನ ಕೈಗೆ ಬಂದಾಗ ನನಗೆ 13 ವರ್ಷ. ಮುಖಪುಟ ನೋಡಬೇಡಿ, ಅದು ಎಂದೋ ಕಿತ್ತುಹೋಗಿದೆ. ಮುಚ್ಚಿದ ಪುಸ್ತಕವನ್ನು ಹೀಗೆ ಬದಿಯಿಂದ ನೋಡಿ.

ಹಾಳೆಗಳ ಅಂಚು ಒಂದೇ ಬಣ್ಣಕ್ಕಿಲ್ಲ, ಅಲ್ವಾ? ಇಲ್ಲೊಂದು ಕಂದು ಪಟ್ಟಿ ಇದೆ. ಬೆರಳಿನ ಬೆವರು, ಕೊಳೆ. ಅದು ಮೋರಿಯಾ ಗಣಿಯ ಭಾಗ. ಇಲ್ಲಿ ಇನ್ನೊಂದು ಪಟ್ಟಿ, ಹೆಲ್ಮ್ಸ್ ಡೀಪ್ ಕೋಟೆಯ ಕಾಳಗ. ಮೂರನೆಯದು ಪೆಲೆನೋರ್ ಬಯಲಿನ ಯುದ್ಧ. ನಡುನಡುವೆ ತಿಳಿ ಬಣ್ಣ. ಕೊನೆಯ ಸುಮಾರು ನೂರು ಪುಟ ಮಾತ್ರ ಹೊಸದಾಗಿ ಬಂದ ದಿನ ಹೇಗಿತ್ತೋ ಹಾಗೇ ಬೆಳ್ಳಗಿತ್ತು. ಅವು ಅನುಬಂಧಗಳು. ರಾಜರ ವಂಶಾವಳಿ, ಯಾವ ವರ್ಷ ಏನಾಯಿತು ಎಂಬ ಪಟ್ಟಿ, ಪಂಚಾಂಗ, ಲಿಪಿ, ಭಾಷೆಗಳ ವಿವರ.

ಬೆಳ್ಳಗಿತ್ತು ಅಂದೆ. ಈಗ ಹಾಗಿಲ್ಲ. ಕಳೆದ ಎರಡು ವರ್ಷದಲ್ಲಿ ಆ ಪುಟಗಳಿಗೂ ಬಣ್ಣ ಹತ್ತಿದೆ. ಇವತ್ತು ನಾನು ಹೇಳಬೇಕೆಂದಿರುವುದು ಆ ಬಣ್ಣ ಹೇಗೆ ಹತ್ತಿತು ಅನ್ನುವುದನ್ನೇ.

13ನೇ ವಯಸ್ಸಿನಲ್ಲಿ ನಾನು ಓದಿದ್ದು ಉಸಿರು ಬಿಗಿಹಿಡಿದು. ಮುಂದೇನು, ಮುಂದೇನು, ಅಷ್ಟೇ. ಊರಿನ ವರ್ಣನೆ ಬಂದರೆ ಹಾರಿಸುತ್ತಿದ್ದೆ. ಹಾಡು ಬಂದರೆ ಹಾರಿಸುತ್ತಿದ್ದೆ. ಆದರೆ ಆ ಲೋಕವನ್ನು ಪ್ರೀತಿಸುತ್ತಿರಲಿಲ್ಲ ಅಂತ ಮಾತ್ರ ಅಲ್ಲ. ಶಾಲೆಯ ನೋಟ್‌ಬುಕ್ಕುಗಳ ಕೊನೆಯ ಪುಟದಲ್ಲೆಲ್ಲ ನನ್ನದೇ ದ್ವೀಪಗಳು, ನನ್ನದೇ ಬೆಟ್ಟಸಾಲುಗಳು. ಅವುಗಳಿಗೆ ಹೆಸರಿಡುವುದರಲ್ಲಿ ಇಡೀ ಮಧ್ಯಾಹ್ನ ಕಳೆಯುತ್ತಿತ್ತು.

ಆಮೇಲೆ ಕೆಲಸ, ಮನೆ, ಜವಾಬ್ದಾರಿ. ಓದುವುದೇನೂ ನಿಲ್ಲಲಿಲ್ಲ. ಆದರೆ ಫ್ಯಾಂಟಸಿ ಮಾತ್ರ ಅಡುಗೂಲಜ್ಜಿ ಕಥೆಗಳ ಸಾಲಿಗೆ ಸೇರಿಹೋಯಿತು. 26ರಲ್ಲಿ ಒಮ್ಮೆ ಇದನ್ನು ಮತ್ತೆ ತೆರೆದೆ. 60 ಪುಟ ದಾಟಲಿಲ್ಲ. ಕಥೆ ಗೊತ್ತಿತ್ತು, ಹಾಗಾಗಿ ಮುಂದೇನು ಎಂಬ ಸೆಳೆತ ಇರಲಿಲ್ಲ. ಓದುವುದಕ್ಕೆ ನನಗೆ ಗೊತ್ತಿದ್ದ ದಾರಿ ಅದೊಂದೇ. ಇದರ ಕಾಲ ಮುಗಿಯಿತು ಅಂತ ಕಪಾಟಿಗೆ ಸೇರಿಸಿದೆ. ಆ ದಿನ ಮನಸ್ಸಿಗೆ ನಿಜವಾಗಿ ಬೇಜಾರಾಗಿತ್ತು. ಹಳೆಯ ಗೆಳೆಯನ ಮನೆಗೆ ಹೋಗಿ, ಮಾತು ಸಿಗದೆ ಎದ್ದು ಬಂದ ಹಾಗೆ.

ಟೋಲ್ಕೀನ್ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಒಂದು ಉಪನ್ಯಾಸ ಕೊಟ್ಟರು. ವಿಷಯ ಯಕ್ಷಿಣಿ ಕಥೆಗಳು. ಆಮೇಲೆ ಅದು ದೊಡ್ಡ ಪ್ರಬಂಧವಾಗಿ ಅಚ್ಚಾಯಿತು. ಅದರಲ್ಲಿ ಒಂದು ಮಾತು ಬರುತ್ತದೆ. ಹಳೆಯದಾದ ಕುರ್ಚಿ ಮೇಜುಗಳನ್ನು ಮಕ್ಕಳ ಕೋಣೆಗೆ ಸಾಗಿಸುತ್ತೇವಲ್ಲ, ಹಾಗೆಯೇ ಈ ಕಥೆಗಳನ್ನೂ ಮಕ್ಕಳ ಕೋಣೆಗೆ ಸಾಗಿಸಿದ್ದೇವೆ ಅನ್ನುತ್ತಾರೆ. ಮಕ್ಕಳಿಗೆ ಇಷ್ಟ ಅಂತಲ್ಲ, ದೊಡ್ಡವರಿಗೆ ಬೇಡ ಅಂತ. ನಾನು 26ರಲ್ಲಿ ಮಾಡಿದ್ದು ಅದನ್ನೇ.

ಮತ್ತೆ ಅದನ್ನು ಕಪಾಟಿನಿಂದ ಇಳಿಸಿದ್ದು ನನ್ನ ತಮ್ಮನ ಮಗಳು. ಆಗ ಅವಳಿಗೆ 9 ವರ್ಷ. ರಾತ್ರಿ ಮಲಗುವಾಗ ಕಥೆ ಬೇಕು ಅಂದಳು. ಪುಸ್ತಕ ಇಲ್ಲದೆ ನೆನಪಿನಿಂದಲೇ ಹೇಳುತ್ತಾ ಹೋದೆ. ಒಂದು ಕೇಡಿನ ಉಂಗುರವನ್ನು ನಾಶ ಮಾಡಲು ಹೊತ್ತು ಹೊರಟ ಇಬ್ಬರು ಪುಟ್ಟ ಮನುಷ್ಯರು ಮಾರ್ಡೋರ್ ಅನ್ನೋ ಕತ್ತಲ ನಾಡಿಗೆ ಕಾಲಿಟ್ಟ ಜಾಗಕ್ಕೆ ಬಂದೆ. ಬರೀ ಬೂದಿ, ಕಲ್ಲು, ಮುಳ್ಳು, ಏನೂ ಬೆಳೆಯೋದಿಲ್ಲ ಅಂದೆ. ಅವಳು ಎದ್ದು ಕೂತಳು.

“ದೊಡ್ಡಪ್ಪ, ಏನೂ ಬೆಳೆಯಲ್ಲ ಅಂದ್ರೆ, ಅಷ್ಟೊಂದು ಸೈನಿಕರು ಊಟಕ್ಕೆ ಏನ್ ಮಾಡ್ತಾರೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಥೆ ಅಲ್ವಾ, ಹಾಗೆಲ್ಲ ಕೇಳಬಾರದು ಅಂತ ಹೇಳುವುದರಲ್ಲಿದ್ದೆ. ನಾಲಿಗೆ ತುದಿಗೆ ಬಂದಿತ್ತು. ಹೇಗೋ ತಡೆದುಕೊಂಡು, ನಾಳೆ ನೋಡಿ ಹೇಳುತ್ತೇನೆ ಅಂದೆ.

ಅವಳು ಮಲಗಿದ ಮೇಲೆ ಪುಸ್ತಕ ಇಳಿಸಿದೆ. ಆ ಅಧ್ಯಾಯ ಹುಡುಕಿದೆ. ಅದರ ಹಾಳೆಗಳ ಅಂಚೂ ತಿಳಿ ಬಣ್ಣದ್ದೇ, ಅಂದರೆ ಆಗ ಓಡೋಡಿ ಓದಿದ ಪುಟಗಳು. ಆ ಇಬ್ಬರು ಪುಟ್ಟ ಮನುಷ್ಯರು, ಫ್ರೋಡೋ ಮತ್ತು ಸ್ಯಾಮ್, ಒಂದು ದಿಬ್ಬದ ಮೇಲಿಂದ ಕೆಳಗಿನ ಬಯಲು ನೋಡುತ್ತಿದ್ದಾರೆ. ಎಲ್ಲಿ ನೋಡಿದರೂ ಸೈನ್ಯದ ಬಿಡಾರ. ಅಲ್ಲೇ, ಬಿಡಾರಗಳ ವರ್ಣನೆಯ ಬೆನ್ನಿಗೇ, ಒಂದು ಮಾತು ಬರುತ್ತದೆ. ದೂರದ ದಕ್ಷಿಣದಲ್ಲಿ, ಬೆಂಕಿಬೆಟ್ಟದ ಹೊಗೆ ಮುಟ್ಟದ ಕಡೆ, ನೂರ್ನೆನ್ ಅನ್ನೋ ಸರೋವರದ ಪಕ್ಕದಲ್ಲಿ ಗುಲಾಮರು ಉಳುವ ದೊಡ್ಡ ಹೊಲಗಳಿವೆ. ಆ ಇಬ್ಬರಿಗೆ ಅದರ ಸುದ್ದಿಯೇ ಇಲ್ಲ.

ಉತ್ತರ ಅಲ್ಲೇ ಇತ್ತು. 13ರಲ್ಲಿ ನನ್ನ ಕಣ್ಣು ಆ ವಾಕ್ಯದ ಮೇಲೆ ಹಾದುಹೋಗಿದೆ, ನಿಂತಿಲ್ಲ.

ಆ ರಾತ್ರಿ ನಾನು ನಿಲ್ಲಿಸಲಿಲ್ಲ. ಮುಂದೆ ಓದಿದೆ. ಯುದ್ಧ ಮುಗಿಯುತ್ತದೆ, ಹೊಸ ರಾಜನ ಪಟ್ಟಾಭಿಷೇಕ ಆಗುತ್ತದೆ. ರಾಜ ಸೋತವರ ಜೊತೆ ಸಂಧಿ ಮಾಡಿಕೊಂಡ ವಿಷಯವನ್ನು ಕೆಲವೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಆ ಸಾಲುಗಳ ನಡುವೆ, ಮಾರ್ಡೋರಿನ ಗುಲಾಮರನ್ನು ಬಿಡುಗಡೆ ಮಾಡಿ ನೂರ್ನೆನ್ ಸುತ್ತಲಿನ ಭೂಮಿಯನ್ನೆಲ್ಲ ಅವರಿಗೇ ಕೊಟ್ಟ ಅಂತ ಇದೆ.

ಈ ಎರಡು ವಾಕ್ಯಗಳ ನಡುವೆ ಮೂರು ಅಧ್ಯಾಯಗಳ ದೂರ. ಉಳುವವರ ಮುಖ ಒಂದೂ ಕಾಣುವುದಿಲ್ಲ, ಹೆಸರು ಒಂದೂ ಇಲ್ಲ. ಆದರೆ ಬರೆದವರು ಅವರನ್ನು ಮರೆತಿಲ್ಲ. ಉಳುವವರಿಗೆ ಭೂಮಿ ಸಿಕ್ಕಿತು ಅನ್ನುವುದನ್ನು ಪಟ್ಟಾಭಿಷೇಕದ ಗದ್ದಲದಲ್ಲೂ ಬರೆದಿಟ್ಟಿದ್ದಾರೆ. ಬೆಳಗಿನ ಜಾವ ಎರಡು ಗಂಟೆಗೆ ಆ ವಾಕ್ಯದ ಮೇಲೆ ಬೆರಳಿಟ್ಟುಕೊಂಡು ಸುಮ್ನೆ ಕೂತಿದ್ದೆ. ಕಣ್ಣು ತುಂಬಿ ಬಂದಿತ್ತು. 13ರಲ್ಲಿ ನಾನು ರಾಜನನ್ನು ನೋಡುತ್ತಿದ್ದೆ. ಈಗ ಹೊಲ ಕಂಡಿತು.

ಅವತ್ತಿನಿಂದ ನಿಧಾನಕ್ಕೆ ಓದಲು ಶುರು ಮಾಡಿದೆ, ಪಕ್ಕದಲ್ಲಿ ಭೂಪಟ ಬಿಡಿಸಿಟ್ಟುಕೊಂಡು. ಕಥೆ ಗೊತ್ತಿದ್ದದ್ದು ಈ ಸಲ ಅನುಕೂಲವೇ ಆಯಿತು. ಯಾರು ಬದುಕುತ್ತಾರೋ ಅನ್ನುವ ಆತಂಕ ಇಲ್ಲದಿದ್ದರೆ ದಾರಿಯ ಎರಡೂ ಬದಿ ನೋಡಿಕೊಂಡು ನಡೆಯಬಹುದು.

ಅದೇ 1939ರ ಉಪನ್ಯಾಸದಿಂದ ಇನ್ನೊಂದು ವಿಷಯ. ಹಸಿರು ಸೂರ್ಯ ಅಂತ ಯಾರು ಬೇಕಾದರೂ ಹೇಳಬಹುದು. ಎರಡು ಪದ ಜೋಡಿಸಿದರೆ ಆಯಿತು. ಆದರೆ ಹಸಿರು ಸೂರ್ಯ ನಂಬುವ ಹಾಗಿರುವ ಒಂದು ಲೋಕ ಕಟ್ಟುವುದಕ್ಕೆ ದುಡಿಮೆ ಬೇಕು, ಯೋಚನೆ ಬೇಕು ಅನ್ನುತ್ತಾರೆ ಟೋಲ್ಕೀನ್. ಯೋಚಿಸಿ ನೋಡಿ. ಸೂರ್ಯ ಹಸಿರಾದರೆ ಎಲೆ ಯಾವ ಬಣ್ಣಕ್ಕೆ ಕಾಣುತ್ತದೆ? ಮನುಷ್ಯರ ಮುಖ ಹೇಗೆ ಕಾಣುತ್ತದೆ? ಅಲ್ಲಿನ ಭಾಷೆಯಲ್ಲಿ ‘ಬೆಳಗಾಯಿತು’ ಅನ್ನುವುದಕ್ಕೆ ಏನನ್ನುತ್ತಾರೆ? ಒಂದನ್ನು ಬದಲಾಯಿಸಿದರೆ ಎಲ್ಲವನ್ನೂ ಮತ್ತೆ ಕೂಡಿಸಬೇಕು.

ಆ ದುಡಿಮೆ ಎಂಥದ್ದು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1944ರ ಮೇ ತಿಂಗಳು. ಎರಡನೇ ಮಹಾಯುದ್ಧ ನಡೆಯುತ್ತಿದೆ. ಟೋಲ್ಕೀನ್ ಅವರ ಮಗ ಕ್ರಿಸ್ಟೋಫರ್ ವಾಯುಪಡೆಯ ತರಬೇತಿಗೆ ದಕ್ಷಿಣ ಆಫ್ರಿಕಾದಲ್ಲಿದ್ದಾರೆ. ಅಪ್ಪ ಮಗನಿಗೆ ಬರೆದ ಒಂದು ಪತ್ರದಲ್ಲಿ ಚಂದ್ರನ ತೊಂದರೆ ಹೇಳಿಕೊಳ್ಳುತ್ತಾರೆ. ಕಥೆಯಲ್ಲಿ ಸ್ನೇಹಿತರ ಗುಂಪು ಒಡೆದು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿದ್ದಾರೆ. ನೋಡಿದರೆ ಒಂದು ಕಡೆ ಚಂದ್ರ ಹುಟ್ಟುತ್ತಿರುವ ಹೊತ್ತಿಗೇ ಇನ್ನೊಂದು ಕಡೆ ಮುಳುಗುತ್ತಿದ್ದಾನೆ. ಆಗದ ಮಾತು. ಬರೆದು ಮುಗಿಸಿದ್ದ ಅಧ್ಯಾಯಗಳನ್ನು ಮತ್ತೆ ತೆಗೆದು ತಿದ್ದಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು ಅಂತ ಬರೆಯುತ್ತಾರೆ.

ಈ ತಪ್ಪನ್ನು ಯಾವ ಓದುಗ ಹಿಡಿಯುತ್ತಿದ್ದ? ನಾನಂತೂ ಹಿಡಿಯುತ್ತಿರಲಿಲ್ಲ. ಆದರೂ ತಿದ್ದಿದರು. 13ರಲ್ಲಿ ನಾನು ಆ ಲೋಕವನ್ನು ಕಣ್ಣುಮುಚ್ಚಿ ನಂಬಿದ್ದೆನಲ್ಲ, ಆ ನಂಬಿಕೆಯ ಹಿಂದೆ ಇಂಥ ಮಧ್ಯಾಹ್ನಗಳಿದ್ದವು. ಅದು ಗೊತ್ತಾದ ಮೇಲೆ ಮೋಡಿ ಕಡಿಮೆ ಆಗಲಿಲ್ಲ, ಜಾಸ್ತಿ ಆಯಿತು. ನಾನೂ ಈಗ ದುಡಿಯುವವನು. ಯಾರ ಕಣ್ಣಿಗೂ ಬೀಳದ ಕಡೆಯಲ್ಲೂ ಕೆಲಸ ನೆಟ್ಟಗಿರಬೇಕು ಅಂದರೆ ಏನು ಅಂತ ಗೊತ್ತಿದೆ.

ಕೊನೆಗೆ ಅನುಬಂಧಕ್ಕೆ ಬಂದೆ. ಬೆಳ್ಳನೆಯ ಪುಟಗಳು. ಪಂಚಾಂಗದ ಭಾಗವನ್ನು ಕಥೆಯ ಹಾಗೆ ಓದಿದೆ ಅಂದರೆ ನಂಬುತ್ತೀರಾ? ಹಾಬಿಟ್‌ಗಳ, ಅಂದರೆ ಆ ಪುಟ್ಟ ಮನುಷ್ಯರ, ವರ್ಷದಲ್ಲಿ 12 ತಿಂಗಳು, ಪ್ರತಿ ತಿಂಗಳಿಗೆ ಸರಿಯಾಗಿ 30 ದಿನ. ಅಲ್ಲಿಗೆ 360 ಆಯಿತು. ಉಳಿದ 5 ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ಎರಡು ದಿನ ವರ್ಷದ ಕೊನೆ ಮೊದಲಿಗೆ, ಮೂರು ದಿನ ವರ್ಷದ ನಟ್ಟನಡುವೆ. ಆ ನಡುವಿನ ಒಂದು ದಿನಕ್ಕೆ ವಾರದ ಹೆಸರೂ ಇಲ್ಲ. ಸೋಮವಾರವೂ ಅಲ್ಲ, ಮಂಗಳವಾರವೂ ಅಲ್ಲ. ಹಾಗಾಗಿ ಲೆಕ್ಕ ಸರಿಯಾಗಿ 52 ವಾರಕ್ಕೆ ಕೂಡುತ್ತದೆ. ಒಂದು ತಾರೀಖು ಯಾವ ವಾರ ಬೀಳುತ್ತದೋ, ಪ್ರತಿ ವರ್ಷವೂ ಅದೇ ವಾರ. ಇದರಿಂದ ಏನಾಯಿತು ಗೊತ್ತಾ? ಅಲ್ಲಿನ ಜನ ಪತ್ರದಲ್ಲಿ, ದಿನಚರಿಯಲ್ಲಿ ವಾರದ ಹೆಸರು ಬರೆಯುವುದನ್ನೇ ಬಿಟ್ಟುಬಿಟ್ಟರಂತೆ. ತಮ್ಮ ನಾಡಿನೊಳಗೆ ಅನುಕೂಲ, ಹೊರಗೆ ದೂರ ಹೋದರೆ ಫಜೀತಿ.

ಕಡೆಯ ಆ ಮಾತು ನೋಡಿ. ಲೆಕ್ಕ ಹಾಕುವುದು ಯಾರಿಗಾದರೂ ಬಂದೀತು. ಲೆಕ್ಕ ಬದಲಾದರೆ ಜನರ ಪತ್ರ ಬರೆಯುವ ರೂಢಿ ಹೇಗೆ ಬದಲಾಗುತ್ತದೆ ಅಂತ ಯೋಚಿಸುವುದು ಬೇರೆಯೇ ಕೆಲಸ. ಲೋಕ ಕಟ್ಟುವುದು ಅಂದರೆ ನನ್ನ ಮಟ್ಟಿಗೆ ಅದು.

ಭೂಪಟದ ಮಾತು ಬಂತಲ್ಲ, ಸ್ವಲ್ಪ ಆ ಕಡೆ ಹೋಗಿ ಬರುತ್ತೇನೆ. ರಾಬರ್ಟ್ ಲೂಯಿ ಸ್ಟೀವನ್‌ಸನ್ 1881ರಲ್ಲಿ, ಹವಾ ಸರಿಯಿಲ್ಲದ ದಿನಗಳಲ್ಲಿ, 13 ವರ್ಷದ ಮಲಮಗನ ಜೊತೆ ಕೂತು ಚಿತ್ರ ಬರೆಯುತ್ತಾ ಒಂದು ದ್ವೀಪದ ನಕ್ಷೆ ಬಿಡಿಸಿದರು. ಆ ನಕ್ಷೆ ನೋಡುತ್ತಾ ನೋಡುತ್ತಾ ಕಥೆ ಹುಟ್ಟಿತು. ಅದೇ ‘ಟ್ರೆಷರ್ ಐಲೆಂಡ್’. ಆಮೇಲೆ ಪ್ರಕಾಶಕರಿಗೆ ಕಳಿಸಿದ ನಕ್ಷೆ ದಾರಿಯಲ್ಲಿ ಕಳೆದುಹೋಯಿತು. ಸ್ಟೀವನ್‌ಸನ್ ತಮ್ಮ ಪುಸ್ತಕವನ್ನೇ ಮತ್ತೆ ಓದಿ, ಎಲ್ಲೆಲ್ಲಿ ಯಾವ ಜಾಗ, ಎಷ್ಟು ದೂರ ಅಂತ ಪಟ್ಟಿ ಮಾಡಿ, ಕೈವಾರ ಹಿಡಿದು ಹೊಸ ನಕ್ಷೆ ಬಿಡಿಸಬೇಕಾಯಿತು. ಅದು ಮೊದಲಿನದರ ಹಾಗೆ ಅನ್ನಿಸಲೇ ಇಲ್ಲ ಅಂತ ಬರೆದುಕೊಂಡಿದ್ದಾರೆ. ಮೊದಲ ಓದಿಗೂ ಮರು ಓದಿಗೂ ಇರುವ ಅಂತರ ನೆನೆದಾಗಲೆಲ್ಲ ನನಗೆ ಆ ಎರಡು ನಕ್ಷೆಗಳು ಕಣ್ಣಮುಂದೆ ಬರುತ್ತವೆ. ಇರಲಿ.

ಎಲ್ಲ ಪುಸ್ತಕವೂ ಮರು ಓದಿಗೆ ತಾಳುವುದಿಲ್ಲ. 15ರಲ್ಲಿ ನಾನು ತುಂಬಾ ಹಚ್ಚಿಕೊಂಡಿದ್ದ ಒಂದು ಸರಣಿ ಇತ್ತು. ಹೆಸರು ಬೇಡ. ಮರಳುಗಾಡಿನ ನಡುವೆ ಭವ್ಯವಾದ ನಗರ, ಬಂಗಾರದ ಗೋಪುರ. ಈ ಸಲ ಓದಿದರೆ ಆ ನಗರದಲ್ಲಿ ಒಂದು ಬಾವಿ ಇಲ್ಲ, ನೀರು ಹೊರುವವರಿಲ್ಲ, ನೀರಿನ ಮಾತೇ ಇಲ್ಲ. ಗೋಪುರದ ಹಿಂದೆ ಹೋಗಿ ನೋಡಿದರೆ ಬರೀ ಬಣ್ಣ ಬಳಿದ ಹಲಗೆ. ಆ ಪುಸ್ತಕಗಳ ಮೇಲೆ ನನಗೆ ಸಿಟ್ಟಿಲ್ಲ. ಬಾವಿಯನ್ನು ಆಗ ನಾನೇ ತೋಡಿಕೊಂಡಿದ್ದೆ. ಮಕ್ಕಳು ಹಾಗೆ ತೋಡಿಕೊಳ್ಳುತ್ತಾರೆ.

ಟೋಲ್ಕೀನ್ ಲೋಕದಲ್ಲೂ ಈಗ ಕಾಣುವ ಕೊರತೆ ಇದೆ. ಉಂಗುರ ಹೊತ್ತು ಹೊರಟ 9 ಜನರಲ್ಲಿ ಹೆಣ್ಣು ಒಬ್ಬಳೂ ಇಲ್ಲ. ದಕ್ಷಿಣದಿಂದ ಬಂದ ಕಪ್ಪು ಜನ ಶತ್ರುವಿನ ಪಾಳೆಯದಲ್ಲೇ ಇದ್ದಾರೆ. 13ರಲ್ಲಿ ಇದು ಹೊಳೆಯಲಿಲ್ಲ. ಈಗ ಹೊಳೆಯದೆ ಓದಲು ಆಗುವುದಿಲ್ಲ. ಆದರೆ ಅದೇ ಪುಸ್ತಕದಲ್ಲಿ, ಆ ದಕ್ಷಿಣದ ಸೈನಿಕನೊಬ್ಬ ಸತ್ತು ಸ್ಯಾಮ್‌ನ ಮುಂದೆ ಬೀಳುತ್ತಾನೆ. ಅವನ ಹೆಸರೇನಿತ್ತೋ, ಎಲ್ಲಿಂದ ಬಂದನೋ, ನಿಜವಾಗಿ ಕೆಟ್ಟವನೇ ಆಗಿದ್ದನೋ, ಯಾವ ಸುಳ್ಳು ಹೇಳಿ ಅಷ್ಟು ದೂರ ಕರೆತಂದರೋ ಅಂತ ಸ್ಯಾಮ್ ಯೋಚಿಸುತ್ತಾನೆ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಸುಲಭ. ನನಗೆ ಅದು ಇಷ್ಟವಿಲ್ಲ.

ಈಗ ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ ಹತ್ತಿರ ಬರುತ್ತೇನೆ. ನಿಮ್ಮಲ್ಲಿ ಕೆಲವರು ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಓದಿರಬಹುದು. 1968ರ ಪುಸ್ತಕ. ನೂರಾರು ದ್ವೀಪಗಳ ಲೋಕ. ಅಲ್ಲಿನ ಹೆಚ್ಚಿನ ಜನರ ಮೈಬಣ್ಣ ಕಂದು, ಕಪ್ಪು. ಪ್ರತಿ ವಸ್ತುವಿಗೂ ಒಂದು ನಿಜವಾದ ಹೆಸರಿದೆ, ಅದು ಗೊತ್ತಿದ್ದವನಿಗೆ ಅದರ ಮೇಲೆ ಹಿಡಿತ.

ಅದರಲ್ಲಿ ಒಂದು ಸಣ್ಣ ಸನ್ನಿವೇಶ. ಗೆಡ್ ಅನ್ನೋ ಹುಡುಗ ಓಗಿಯನ್ ಅನ್ನೋ ಮಂತ್ರವಾದಿಯ ಶಿಷ್ಯನಾಗಿ ಹೊರಟಿದ್ದಾನೆ. ದಾರಿಯಲ್ಲಿ ಮಳೆ. ಊರಿನ ಸಣ್ಣಪುಟ್ಟ ಮಂತ್ರಗಾರರು ಕೂಡ ಮೋಡವನ್ನು ಆಚೆ ತಳ್ಳಿ ತಾವು ನೆನೆಯದೆ ಇರುತ್ತಾರೆ. ಓಗಿಯನ್ ದೊಡ್ಡ ಮಂತ್ರವಾದಿ, ಭೂಕಂಪವನ್ನೇ ತಡೆದವನು. ಅವನು ಏನೂ ಮಾಡುವುದಿಲ್ಲ. ಮಳೆ ತನ್ನ ಪಾಡಿಗೆ ಬೀಳಲಿ ಅಂತ ಬಿಟ್ಟು, ಒಂದು ದಟ್ಟ ಮರದ ಕೆಳಗೆ ಮಲಗಿಬಿಡುತ್ತಾನೆ. ಹುಡುಗ ನೀರು ತೊಟ್ಟಿಕ್ಕುವ ಪೊದೆಯಲ್ಲಿ ಮುದುಡಿ ಕೂತು ಒಳಗೊಳಗೇ ಕುದಿಯುತ್ತಾನೆ. ಇಷ್ಟೆಲ್ಲ ಶಕ್ತಿ ಇದ್ದು ಏನು ಪ್ರಯೋಜನ?

ಮೊದಲ ಓದಿನಲ್ಲಿ ನಾನು ಪೂರ್ತಿ ಹುಡುಗನ ಕಡೆ. ನನಗೂ ಸಿಟ್ಟು ಬಂದಿತ್ತು. ಮುಂದೆ ರೋಕ್ ದ್ವೀಪದ ಶಾಲೆಯಲ್ಲಿ ಗುರುಗಳು ಹೇಳುತ್ತಾರೆ, ಇಲ್ಲಿ ಮಳೆ ತರಿಸಿದರೆ ಇನ್ನೊಂದು ದ್ವೀಪದಲ್ಲಿ ಬರ ಬರಬಹುದು ಅಂತ. ಅದನ್ನು ಆಟದ ನಿಯಮದ ಹಾಗೆ ಓದಿಕೊಂಡಿದ್ದೆ. ಈ ಸಲ ಆ ಮರದ ಕೆಳಗೆ ಮಲಗಿದ ಮುದುಕನನ್ನೇ ನೋಡುತ್ತಾ ಕೂತೆ. ನಿಯಮವನ್ನು ಅವನು ಬಾಯಲ್ಲಿ ಹೇಳಲಿಲ್ಲ. ನೆನೆದು ತೋರಿಸಿದ. ಮಕ್ಕಳ ಜೊತೆ, ಕೆಲಸದ ಕಡೆ, ಕೈಯಲ್ಲಾಗುವುದನ್ನು ಮಾಡದೆ ಸುಮ್ಮನಿರುವುದು ಎಷ್ಟು ಕಷ್ಟ ಅಂತ ತಿಳಿಯದವನಿಗೆ ಆ ಪುಟ ತೆರೆದುಕೊಳ್ಳುವುದಿಲ್ಲ. ಪುಸ್ತಕ ಬದಲಾಗಿಲ್ಲ, ಅದೇ ಅಕ್ಷರಗಳು.

ಲೆ ಗ್ವಿನ್ ಅವರ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಮುಂದಿನದು. ಈ ಲೋಕದ ಮೂರನೆಯ ಪುಸ್ತಕ ಬಂದದ್ದು 1972ರಲ್ಲಿ. ನಾಲ್ಕನೆಯದು, ‘ಟೆಹಾನು’, 1990ರಲ್ಲಿ. ನಡುವೆ 18 ವರ್ಷ. ಆದರೆ ಕಥೆಯೊಳಗೆ ಕಾಲ ಅಲ್ಲೇ ನಿಂತಿದೆ. ಮೂರನೆಯದರ ಕೊನೆಯಲ್ಲಿ ಡ್ರ್ಯಾಗನ್ ಬೆನ್ನೇರಿ ಹಾರಿಹೋದ ಗೆಡ್, ನಾಲ್ಕನೆಯದರಲ್ಲಿ ಅದೇ ಡ್ರ್ಯಾಗನ್ ಬೆನ್ನಿನಿಂದ ಇಳಿಯುತ್ತಾನೆ. ಶಕ್ತಿಯೆಲ್ಲ ಕಳೆದುಕೊಂಡು, ಸಾಯುವ ಸ್ಥಿತಿಯಲ್ಲಿ. ಅವನನ್ನು ಎತ್ತಿಕೊಳ್ಳುವವಳು ಟೆನಾರ್. ಎರಡನೆಯ ಪುಸ್ತಕದಲ್ಲಿ ಗೋರಿಗಳ ಪೂಜಾರಿಣಿಯಾಗಿದ್ದ ಹುಡುಗಿ ಈಗ ನಡುವಯಸ್ಸಿನ ವಿಧವೆ. ಹೊಲ ಇದೆ, ಮೇಕೆಗಳಿವೆ, ಯಾರೋ ಬೆಂಕಿಗೆ ತಳ್ಳಿ ಸುಟ್ಟ ಒಂದು ಮಗುವನ್ನು ಸಾಕುತ್ತಿದ್ದಾಳೆ.

ಭೂಪಟ ಅದೇ. ದ್ವೀಪ ಅದೇ. ಮಂತ್ರದ ನಿಯಮವೂ ಅದೇ. ಮೊದಲ ಪುಸ್ತಕದಲ್ಲಿ ಒಂದು ಗಾದೆ ಬರುತ್ತದೆ, ಹೆಂಗಸರ ಮಂತ್ರ ದುರ್ಬಲ, ಹೆಂಗಸರ ಮಂತ್ರ ಕೆಟ್ಟದ್ದು ಅನ್ನೋ ಅರ್ಥದ್ದು. ಆ ಗಾದೆಯನ್ನು ಕೇಳಿಸಿಕೊಂಡು ಬದುಕುವ ಹೆಂಗಸರ ಮನೆಯೊಳಗೆ ಈ ಸಲ ನಮ್ಮನ್ನು ಕೂರಿಸುತ್ತಾರೆ. ತಾವು ಕಟ್ಟಿದ ಲೋಕವನ್ನು ಅವರೇ ದೊಡ್ಡವರಾಗಿ ಮತ್ತೆ ಓದಿದ್ದಾರೆ. ಹಳೆಯದನ್ನು ಅಳಿಸಲಿಲ್ಲ, ಬೇರೆ ಬಾಗಿಲಿನಿಂದ ಒಳಗೆ ಹೋದರು. ಹಿಂದೆ ಒಮ್ಮೆ ‘ಟೆಹಾನು’ ಕೈಗೆತ್ತಿಕೊಂಡು, ಮಂತ್ರ ಎಲ್ಲಿ, ಸಾಹಸ ಎಲ್ಲಿ ಅಂತ ಅರ್ಧಕ್ಕೇ ಬಿಟ್ಟಿದ್ದೆ. ಈಗ ಯಾರಾದರೂ ನನ್ನನ್ನು ಒಂದೇ ಒಂದು ಪುಸ್ತಕ ಹೇಳು ಅಂದರೆ ಅದನ್ನೇ ಹೇಳುತ್ತೇನೆ. ಮಹಾ ಮಂತ್ರವಾದಿಯೊಬ್ಬ ಶಕ್ತಿ ಹೋದ ಮೇಲೆ ನಾಚಿಕೆಯಿಂದ ಬೆಟ್ಟಕ್ಕೆ ಹೋಗಿ ಮೇಕೆ ಕಾಯುತ್ತಾನೆ. ಲೋಕ ಗಟ್ಟಿಯಾಗಿರದಿದ್ದರೆ ಅಂಥ ಬರಿಯ ದಿನಗಳನ್ನು ಅದು ತಾಳಿಕೊಳ್ಳುತ್ತಿರಲಿಲ್ಲ.

ನೀವು ಮನೆಗೆ ಹೋಗಿ ನಿಮ್ಮ ಹಳೆಯ ಪುಸ್ತಕ ತೆಗೆದರೆ, ಮೊದಲು ಬದಿಯಿಂದ ನೋಡಿ. ಬೆಳ್ಳಗಿರುವ ಕಡೆಯಿಂದ ಶುರು ಮಾಡಿ. ಮೊದಲಿನಿಂದಲೇ ಓದಬೇಕು ಅಂತ ಏನಿಲ್ಲ. ಆಗುವುದಾದರೆ ಜೋರಾಗಿ ಓದಿ, ಯಾರಿಗಾದರೂ ಓದಿ ಹೇಳಿ. ನಾನು ಆಗ ಹಾರಿಸಿದ್ದ ಹಾಡುಗಳೆಲ್ಲ ನಾಲಿಗೆಗೆ ಬಿದ್ದ ಮೇಲೆಯೇ ನನ್ನವಾದದ್ದು.

ನಮ್ಮ ಹುಡುಗಿಗೆ ಈಗ 11. ಇಬ್ಬರೂ ಸೇರಿ ಓದುತ್ತಿದ್ದೇವೆ. ಮೊನ್ನೆ ಮೋರಿಯಾ ಗಣಿಗೆ ಬಂದೆವು. ನನ್ನ ಪ್ರತಿಯಲ್ಲಿ ಎಲ್ಲಕ್ಕಿಂತ ಕೊಳೆಯಾದ ಪುಟಗಳು. ಕತ್ತಲಲ್ಲಿ ದಾರಿ ಸಿಗುತ್ತದೋ ಇಲ್ಲವೋ ಅಂತ ಎಲ್ಲರಿಗೂ ಭಯ. ಆಗ ಆರಗಾರ್ನ್, ಮುಂದೆ ರಾಜನಾಗುವವನು, ಒಂದು ಮಾತು ಹೇಳುತ್ತಾನೆ. ಕಗ್ಗತ್ತಲ ರಾತ್ರಿಯಲ್ಲಿ ಮನೆ ದಾರಿ ಹುಡುಕುವುದರಲ್ಲಿ ಮಂತ್ರವಾದಿ ಗ್ಯಾಂಡಾಲ್ಫ್, ರಾಣಿ ಬೆರೂಥಿಯೆಲ್‌ಳ ಬೆಕ್ಕುಗಳಿಗಿಂತಲೂ ಗಟ್ಟಿಗ ಅಂತ. ಅಷ್ಟೇ. ಯಾವ ರಾಣಿ, ಯಾವ ಬೆಕ್ಕು, ಒಂದೂ ಹೇಳುವುದಿಲ್ಲ. ಇಡೀ ಪುಸ್ತಕದಲ್ಲಿ ಇನ್ನೆಲ್ಲೂ ಅವು ಬರುವುದಿಲ್ಲ.

ಅಷ್ಟು ಸಲ ಓದಿದ ಪುಟ. ಆ ಬೆಕ್ಕುಗಳನ್ನು ನಾನು ನೋಡಿಯೇ ಇರಲಿಲ್ಲ. ಅವಳು ನೋಡಿದಳು. “ಯಾವ ಬೆಕ್ಕು ದೊಡ್ಡಪ್ಪ?”

ಹುಡುಕಿದೆ. 1956ರ ಒಂದು ಪತ್ರದಲ್ಲಿ ಟೋಲ್ಕೀನ್ ಹೇಳುತ್ತಾರೆ, ಈ ಪುಸ್ತಕದಲ್ಲಿ ಬರುವ ಹೆಸರುಗಳಿಗೆಲ್ಲ ಹೆಚ್ಚುಕಡಿಮೆ ಹಿಂದೆ ಒಂದು ಕಥೆ ಇದೆ, ಇಲ್ಲದಿರುವುದು ಅಂದರೆ ಆ ಬೆಕ್ಕುಗಳು, ಮತ್ತೆ ಪುಸ್ತಕದಲ್ಲಿ ಹೆಸರೇ ಬರದ ಇನ್ನಿಬ್ಬರು ಮಂತ್ರವಾದಿಗಳ ಹೆಸರು ಮತ್ತು ಸಾಹಸಗಳು ಅಂತ. ಆದರೆ ಅದನ್ನು ಅಲ್ಲಿಗೇ ಬಿಡಲಿಲ್ಲ. ಅವರು ತೀರಿಕೊಂಡ ಮೇಲೆ, 1980ರಲ್ಲಿ, ಮಗ ಕ್ರಿಸ್ಟೋಫರ್ ಪ್ರಕಟಿಸಿದ ‘ಅನ್‌ಫಿನಿಶ್ಡ್ ಟೇಲ್ಸ್’ ಪುಸ್ತಕದ ಒಂದು ಟಿಪ್ಪಣಿಯಲ್ಲಿ ಆ ರಾಣಿಯ ಕಥೆ ಸಿಗುತ್ತದೆ. ಯಾರೂ ಪ್ರೀತಿಸದ ರಾಣಿ. ಅವಳ ಹತ್ತಿರ 9 ಕಪ್ಪು ಬೆಕ್ಕು, 1 ಬಿಳಿ ಬೆಕ್ಕು. ಊರವರ ಗುಟ್ಟು ತಿಳಿದು ಬರಲು ಕಪ್ಪು ಬೆಕ್ಕುಗಳು. ಆ ಕಪ್ಪು ಬೆಕ್ಕುಗಳ ಮೇಲೆ ಕಣ್ಣಿಡಲು ಬಿಳಿ ಬೆಕ್ಕು. ಕೊನೆಗೆ ರಾಜ ಅವಳನ್ನು ಬೆಕ್ಕುಗಳ ಸಮೇತ ಒಂದು ಹಡಗಿನಲ್ಲಿ ಕೂರಿಸಿ ಸಮುದ್ರಕ್ಕೆ ಬಿಟ್ಟುಬಿಡುತ್ತಾನೆ. ರಾಜರ ಪುಸ್ತಕದಿಂದ ಅವಳ ಹೆಸರನ್ನು ಅಳಿಸುತ್ತಾರೆ.

ಇದನ್ನು ಓದಿ ಹೇಳಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ನಿದ್ದೆ ಬಂತೇನೋ ಅಂದುಕೊಂಡು ದೀಪ ಆರಿಸಿದೆ. ಕತ್ತಲಲ್ಲಿ ಕೇಳಿದಳು, “ಮತ್ತೆ ಆ ಬಿಳಿ ಬೆಕ್ಕಿನ ಮೇಲೆ ಕಣ್ಣಿಡೋರು ಯಾರು?”

ಆ ಟಿಪ್ಪಣಿಯಲ್ಲಿ ಅದಕ್ಕೆ ಉತ್ತರ ಇಲ್ಲ. ಅವಳು ಒಂದು ಉತ್ತರ ಬರೆಯಲು ಶುರು ಮಾಡಿದ್ದಾಳೆ, ನೋಟ್‌ಬುಕ್ಕಿನ ಕೊನೆಯ ಪುಟದಿಂದ.